ಜೋಡಿ ಸೆಟ್ಟಿನ ಭಾಯಿ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ. ಫೇಲಾಗಿ ಬಿಟ್ಟ ಎಂದು ತಿಳಿದವರಿದ್ದಾರೆ, ಅದು ಸುಳ್ಳು. ದಸರಾ ರಜೆಗೆಂದು ಕಡೂರಿನ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದವನು ರಜೆ ಮುಗಿದರೂ ಅಲ್ಲಿಂದ ಎದ್ದು ಬರಲಿಲ್ಲ. ಕೈಗೆ ಕೆಲಸ ಹತ್ತಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಅದೇ ರಸ್ತೆಯಲ್ಲಿ ನನ್ನದೇ ಬೋರ್ಡು ಹಾಕಿದೆ. ಪಂಪು, ಮೋಟಾರು, ಸ್ಟಾರ್ಟರು, ಗೇಟ್ ವಾಲ್ವು, ನನ್ನ ಕೈಯಲ್ಲಿ ಬಿಚ್ಚಿಸಿಕೊಳ್ಳದ ಯಂತ್ರ ಈ ಸುತ್ತಿನಲ್ಲಿ ಕಡಿಮೆ. ಜಂಬಕ್ಕೆ ಹೇಳುತ್ತಿಲ್ಲ. ಜಂಬವೂ ಸ್ವಲ್ಪ ಇದೆ ಅನ್ನಿ.

ಹೀಗಿದ್ದವನಿಗೆ ಒಬ್ಬ ಮೇಷ್ಟ್ರು ಸಿಕ್ಕಿದ್ದು ಶಾಲೆ ಬಿಟ್ಟು ಹನ್ನೊಂದು ವರ್ಷವಾದ ಮೇಲೆ, ದೇವನೂರಿನ ಕಡೆಯ ಒಂದು ಬಾವಿಕಟ್ಟೆಯ ಮೇಲೆ. ಅವರು ತರೀಕೆರೆಯವರು. ನೀರಿನಲ್ಲಿ ಮುಳುಗಿ ಕೆಲಸ ಮಾಡುವುದು ಅವರ ಕಸುಬು. ಬಾವಿಗೆ ಬಿದ್ದ ಪಂಪು ತೆಗೆಯುವುದು, ಕೆರೆಯ ತೂಬಿಗೆ ಸಿಕ್ಕಿದ ಮರದ ದಿಮ್ಮಿ ಬಿಡಿಸುವುದು, ಕುಡಿಯುವ ನೀರಿನ ಜಾಲರಿಯ ಕಸ ಕೀಳುವುದು, ಪೊಲೀಸರು ಕರೆದರೆ ಹೆಣ ಹುಡುಕುವುದು. ಊರೂರಲ್ಲೂ ಜನ ಅವರನ್ನು ಸಾಬ್ರು ಅನ್ನುತ್ತಿದ್ದರು. ನಾನು ಭಾಯಿ ಅನ್ನುತ್ತಿದ್ದೆ.

ಭಾಯಿ ಈ ಚಳಿಗಾಲದಲ್ಲಿ ತೀರಿಕೊಂಡರು. ನೀರಿನಲ್ಲಲ್ಲ. ಮನೆಯ ಮಂಚದ ಮೇಲೆ, ಸಕ್ಕರೆ ಕಾಯಿಲೆಯಿಂದ. ಅವರ ಎರಡು ಸ್ಕೂಬಾ ಸೆಟ್ಟುಗಳು ಆರು ವರ್ಷದಿಂದ ನನ್ನ ಅಂಗಡಿಯಲ್ಲಿದ್ದವು. ಅವರು ಹೋದ ಇಪ್ಪತ್ತನೇ ದಿನ ಅಜ್ಜಂಪುರದಿಂದ ಒಬ್ಬ ಬಂದು ಎರಡರಲ್ಲಿ ಒಂದನ್ನು ಕೊಡಿ ಎಂದು ಕೇಳಿದ. ಕೊಡಬೇಕೋ, ಎರಡನ್ನೂ ಇಟ್ಟುಕೊಳ್ಳಬೇಕೋ? ಇದೊಂದನ್ನು ತೀರ್ಮಾನ ಮಾಡಲು ಆ ಮನುಷ್ಯನನ್ನು ನಾನು ಮೊದಲಿನಿಂದ ನೆನೆಸಿಕೊಳ್ಳಬೇಕಾಯಿತು.

ಸ್ಕೂಬಾ ಸೆಟ್ಟೆಂದರೆ ದೊಡ್ಡ ಮಾಯೆಯೇನಲ್ಲ. ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರು, ಅದರಿಂದ ಬರುವ ರಬ್ಬರು ಕೊಳವೆ, ಕೊಳವೆಯ ತುದಿಗೆ ಹಲ್ಲಲ್ಲಿ ಕಚ್ಚಿ ಹಿಡಿಯುವ ರೆಗ್ಯುಲೇಟರು. ಅದು ಉಸಿರು ಎಳೆದಾಗ ಗಾಳಿ ಕೊಡುತ್ತದೆ, ಬಿಟ್ಟಾಗ ಗುಳ್ಳೆ ಮಾಡಿ ಹೊರಗೆ ಕಳಿಸುತ್ತದೆ. ಕಣ್ಣಿಗೆ ಮಾಸ್ಕು, ಸೊಂಟಕ್ಕೆ ಸೀಸದ ಬೆಲ್ಟು. ಅಷ್ಟೇ. ಭಾಯಿಯ ಹತ್ತಿರ ಇದು ಎರಡು ಜೊತೆ ಇತ್ತು, ಒಂದೇ ಕಂಪನಿ, ಒಂದೇ ಅಳತೆ.

ದೇವನೂರಿನಲ್ಲಿ ಆವತ್ತು ಒಂದು ತೆಂಗಿನ ತೋಟದ ಬಾವಿಗೆ ಪಂಪು ಜಾರಿತ್ತು. ಹಗ್ಗ ಕಟ್ಟಿ ಇಳಿಸಿದ್ದವನು ನಾನೇ, ಹಗ್ಗ ಮಾತ್ರ ತೋಟದವರದು. ಕಿತ್ತುಹೋಯಿತು. ನಲವತ್ತು ಅಡಿ ನೀರು. ತೋಟದವರು ಭಾಯಿಗೆ ಹೇಳಿಕಳಿಸಿದರು. ಆಟೋ ಬಂತು. ಹಿಂದಿನ ಸೀಟಿನಲ್ಲಿ ಎರಡು ಸೆಟ್ಟುಗಳು ಮದುವೆಗೆ ಹೊರಟ ಗಂಡ ಹೆಂಡಿರ ಹಾಗೆ ಆರಾಮಾಗಿ ಕೂತಿದ್ದವು. ಡ್ರೈವರಿನ ಪಕ್ಕ ಅರ್ಧ ಕುಂಡಿಯಲ್ಲಿ ಕಂಬಿ ಹಿಡಿದು ಕೂತಿದ್ದ ಕುಳ್ಳಗಿನ ಮನುಷ್ಯ ಭಾಯಿ. ಸಣಕಲು ಮೈ, ಮದರಂಗಿ ಹಾಕಿದ ಗಡ್ಡ, ಮಡಚಿ ಕಟ್ಟಿದ ಲುಂಗಿ. ಇಂಥವರು ನಲವತ್ತು ಅಡಿ ಇಳಿಯುತ್ತಾರೆಂದು ನನಗೆ ನಂಬಿಕೆ ಬರಲಿಲ್ಲ.

ತೋಟದ ಯಜಮಾನರು ಕೇಳಿದರು, "ಏನ್ ಸಾಬ್ರೇ, ಎರಡೆರಡು ತಂದಿದೀರಿ, ಇನ್ಯಾರು ಇಳೀತಾರೆ?"

"ಯಾರೂ ಇಲ್ಲ ಗೌಡ್ರೇ. ಒಂದು ಹೋಗೋಕೆ, ಒಂದು ಬರೋಕೆ."

ಗೌಡರು ನಕ್ಕರು. ಭಾಯಿ ನಗಲಿಲ್ಲ. ಸುತ್ತ ನಿಂತಿದ್ದವರನ್ನೆಲ್ಲ ಒಂದು ಸಲ ನೋಡಿ ನನ್ನ ಮುಂದೆ ಬಂದು ನಿಂತರು.

"ನಿನ್ ಕೈ ತೋರ್ಸಪ್ಪಾ."

ತೋರಿಸಿದೆ. ಅಂಗೈ ತಿರುಗಿಸಿ, ಹೆಬ್ಬೆರಳು ಒತ್ತಿ ನೋಡಿದರು, ಎತ್ತು ಕೊಳ್ಳುವವರು ಹಲ್ಲು ನೋಡುವ ಹಾಗೆ.

"ಯಾವೂರು?"

"ಕಡೂರು."

"ನೋಡು ಕಡೂರು, ಹಗ್ಗ ನೀನು ಹಿಡಿ. ಒಂದು ಜಗ್ಗು ಅಂದ್ರೆ ಇದೀನಿ. ಎರಡು ಅಂದ್ರೆ ಹಗ್ಗ ಕೊಡು. ಮೂರು ಅಂದ್ರೆ ಎಳಿ. ನಾಲ್ಕಿಲ್ಲ. ನಾಲ್ಕನೇದು ಬಂದ್ರೆ ಅದು ಮೀನು."

ಪಂಪು ಮೇಲೆ ಬಂತು, ಅವರು ಇಳಿದಲ್ಲೆಲ್ಲ ಹಗ್ಗ ಹಿಡಿಯುವವನು ನಾನೇ ಆದೆ. ಅಲ್ಲಿಂದ ಮುಂದೆ ಹದಿನೇಳು ವರ್ಷ ನನಗೆ ಹೆಸರಿರಲಿಲ್ಲ. ನಾನು ಕಡೂರು. ಅವರ ಹೆಂಡತಿ, ನಾನು ಭಾಬಿ ಅನ್ನುತ್ತಿದ್ದವರು, ಫೋನಿನಲ್ಲಿ "ಕಡೂರು ಬಂದ್ರೇನು?" ಅಂತಲೇ ಕೇಳುತ್ತಿದ್ದರು.

ಇಳಿಯುವ ಮೊದಲು ಅವರದೊಂದು ಕ್ರಮ ಇತ್ತು. ಟೋಪಿ ತೆಗೆದು ಮಡಚಿ ಅಂಗಿಯ ಜೇಬಿಗೆ ಹಾಕುವುದು, ಅಂಗಿಯನ್ನು ಹಗ್ಗ ಹಿಡಿದವನ ಹೆಗಲಿಗೆ ಹಾಕುವುದು. ಆಮೇಲೆ ಮೊದಲನೇ ಸೆಟ್ಟು ಕಟ್ಟಿಕೊಂಡು ಎದೆಮಟ್ಟದ ನೀರಿನಲ್ಲಿ ನಿಂತು, ಮುಖ ಒಳಗೆ ಮಾಡಿ ಹತ್ತು ಉಸಿರು. ಬಿಚ್ಚಿ, ಎರಡನೇ ಸೆಟ್ಟಿನಲ್ಲೂ ಹತ್ತು. ಯಾರು ಅವಸರ ಮಾಡಿದರೂ, ಡಿವೈಎಸ್ಪಿಯೇ ಬಂದು ನಿಂತರೂ, ಇಪ್ಪತ್ತು ಆಗದೆ ಮುಳುಗುತ್ತಿರಲಿಲ್ಲ. ಒಂದರಲ್ಲಿ ಇಳಿದರೆ ಇನ್ನೊಂದು ದಡದಲ್ಲಿ ಸಿದ್ಧವಾಗಿರಬೇಕು, ಎಳೆದರೂ ಬರದಂತೆ ಕೆಳಗೆ ಸಿಕ್ಕಿಕೊಂಡರೆ ಹಗ್ಗಕ್ಕೆ ಕಟ್ಟಿ ಇಳಿಸಲು.

ಒಂದು ಸಲ ಒಬ್ಬ ಸಬ್ ಇನ್‌ಸ್ಪೆಕ್ಟರರು ಬೇಜಾರಾಗಿ, "ಏನ್ರೀ ನಿಮ್ದು, ಎರಡು ಯಾಕ್ರೀ ಬೇಕು?" ಅಂದರು.

"ಸರ್, ನಿಮ್ ಜೀಪಿಗೆ ಸ್ಟೆಪ್ನಿ ಯಾಕೆ?"

"ಪಂಕ್ಚರ್ ಆದ್ರೆ ಇರ್ಲಿ ಅಂತ."

"ನಂದು ಪಂಕ್ಚರ್ ಆದ್ರೆ ಸೈಡಿಗೆ ಹಾಕೋಕೆ ಅಲ್ಲಿ ರೋಡಿಲ್ಲ ಸರ್."

ನನಗೆ ಮಾತ್ರ ಬೇರೆ ಉತ್ತರ ಕೊಟ್ಟಿದ್ದರು. ಹರೆಯದಲ್ಲಿ ಅವರು ಬಂದರಿನಲ್ಲಿ ಹಡಗಿನ ಅಡಿ ಉಜ್ಜುವ ಕೆಲಸ ಮಾಡಿದವರು. "ಅಲ್ಲಿ ನಾಲ್ಕು ಜನಕ್ಕೆ ಒಂದು ಹೆಚ್ಚಿಂದು ಇತ್ತು ಕಣೋ. ಅದ್ರ ವಾಷರ್ ತೆಗೆದು ಇದಕ್ಕೆ, ಬಕಲ್ ತೆಗೆದು ಅದಕ್ಕೆ. ಕೊನೇಗೆ ಬರೀ ಡಬ್ಬ ಉಳೀತು. ಲೆಕ್ಕಕ್ಕೆ ಮಾತ್ರ ಒಂದು ಹೆಚ್ಚಿಂದು ಇತ್ತು." ಆ ನಾಲ್ವರಲ್ಲಿ ಯಾರಿಗೆ ಏನಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಗಾಳಿ ತುಂಬಿಸುವುದು ಒಂದು ಪಾಡು. ಅದಕ್ಕೆ ಬೇಕಾದ ಮೆಷಿನ್ನು ನಮ್ಮ ಕಡೆ ಇರಲಿಲ್ಲ. ಖಾಲಿ ಸಿಲಿಂಡರನ್ನು ಮಂಗಳೂರಿನ ಬಸ್ಸಿಗೆ ಹಾಕಿ ಕಳಿಸಬೇಕು, ಎರಡು ದಿನ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳಬೇಕು. ಮೊದಲ ತಿಂಗಳಲ್ಲಿ ನಾನು ಜಾಣತನ ತೋರಿಸಲು ಹೋದೆ.

"ಭಾಯಿ, ಪಂಕ್ಚರ್ ಅಂಗಡೀಲಿ ಕಂಪ್ರೆಸರ್ ಇದ್ಯಲ್ಲ. ಅಲ್ಲೇ ಹೊಡೆಸಿದ್ರಾಯ್ತು."

"ಹೊಡೆಸಪ್ಪಾ. ಅದ್ರ ಆಯಿಲ್ ವಾಸ್ನೆ ಟೈರಿಗೆ ಗೊತ್ತಾಗಲ್ಲ. ನಂಗೆ ಗೊತ್ತಾಗುತ್ತೆ, ಮೇಲೆ ಬಂದ್ರೆ."

ಹೊಸ ಕಂಡಕ್ಟರುಗಳೆಲ್ಲ ಒಂದೇ ತಕರಾರು, ಗ್ಯಾಸ್ ಸಿಲಿಂಡರು ಬಸ್ಸಿಗೆ ಹಾಕುವಂತಿಲ್ಲ. ಭಾಯಿ ಸಮಾಧಾನವಾಗಿ, "ಗ್ಯಾಸಲ್ಲ ಕಣ್ರೀ, ಖಾಲಿ ಡಬ್ಬ. ಬರುವಾಗ ಗಾಳಿ ಇರುತ್ತೆ. ನಿಮ್ ಬಸ್ಸಲ್ಲಿ ಜನ ಹೆಂಗೂ ಅದನ್ನೇ ಕುಡೀತಾರಲ್ಲ" ಅನ್ನುತ್ತಿದ್ದರು. ಜಗಳ ನಗುವಿನಲ್ಲಿ ಮುಗಿದು ಸಿಲಿಂಡರು ಹತ್ತುತ್ತಿತ್ತು.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಬರೆಯದೆ ಅವರ ಬಗ್ಗೆ ಬರೆದರೆ ಬರೆದಂತಾಗುವುದಿಲ್ಲ.

ಮೂರನೇ ವರ್ಷವೋ ನಾಲ್ಕನೇ ವರ್ಷವೋ, ಮಗಳ ಮದುವೆಗೆಂದು ಭಾಯಿ ಒಂದೂವರೆ ತಿಂಗಳು ದಾವಣಗೆರೆಗೆ ಹೋದರು. ಎರಡು ಸೆಟ್ಟುಗಳನ್ನೂ ನನ್ನ ಅಂಗಡಿಯಲ್ಲಿ ಬಿಟ್ಟರು. "ವಾರಕ್ಕೊಂದ್ಸಲ ನೀರಿಗೆ ಹಾಕಿ ತೆಗಿ" ಎಂದಿದ್ದರು. ನಾನು ಮೆಕ್ಯಾನಿಕ್ಕು. ಯಂತ್ರವನ್ನು ಹೇಗೆ ಇಡಬೇಕೆಂದು ನನಗೆ ಹೇಳುವುದೇನು? ಒಂದು ಸೆಟ್ಟನ್ನು ಹಾಗೇ ಬಿಟ್ಟು, ಇನ್ನೊಂದರ ರೆಗ್ಯುಲೇಟರು ಬಿಚ್ಚಿದೆ. ಒಳಗೆ ತಿರುಪುಗಳಿಗೆ, ಸ್ಪ್ರಿಂಗಿಗೆ, ಎಲೆಯಷ್ಟು ತೆಳ್ಳಗಿನ ರಬ್ಬರು ಬಿಲ್ಲೆಗಳಿಗೆ ಪಂಪಿನ ಬೇರಿಂಗಿಗೆ ಹಾಕುವ ಒಳ್ಳೇ ಗ್ರೀಸು ಹಚ್ಚಿದೆ. ಹೊಳೆಯುವ ಹಾಗೆ ಒರೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದೇವರ ಪಟದ ಪಕ್ಕದ ಅಟ್ಟಣಿಗೆಯಲ್ಲಿ ಇಟ್ಟೆ. ನೀರು ಮುಟ್ಟಿಸಲಿಲ್ಲ. ಹೆಚ್ಚಿನ ಸೆಟ್ಟು ಹೊಸದರಂತೆ ಇರಲಿ ಎಂಬುದು ನನ್ನ ಲೆಕ್ಕ. ಬಾವಿ ಪಂಪು ರಿಪೇರಿ ಮಾಡುವ ಯಾರೇ ಆಗಲಿ ಅದನ್ನೇ ಮಾಡುತ್ತಿದ್ದರು.

ಭಾಯಿ ವಾಪಸು ಬಂದ ಮರುದಿನವೇ ಅಜ್ಜಂಪುರದ ಕಡೆ ಒಂದು ಕೆರೆಯಿಂದ ಕರೆ ಬಂತು. ತೂಬಿಗೆ ದಿಮ್ಮಿ ಸಿಕ್ಕಿ ಬಾಗಿಲು ಮುಚ್ಚುತ್ತಿಲ್ಲ, ಕೆರೆಯ ನೀರು ಹರಿದುಹೋಗುತ್ತಿದೆ. ಏರಿಯ ಮೇಲೆ ನೂರಾರು ಜನ. ಮೊದಲ ಸೆಟ್ಟಿನಲ್ಲಿ ಹತ್ತು ಉಸಿರು ಸರಿಯಾಗಿ ಬಂತು. ಎರಡನೆಯದು ಕಟ್ಟಿಕೊಂಡು ಮುಖ ಒಳಗೆ ಮಾಡಿದರು. ಮೂರನೇ ಉಸಿರಿಗೆ ಕೆಮ್ಮುತ್ತ ಎದ್ದರು. ಬಾಯಿಂದ ನೀರು ಬಂತು. ರೆಗ್ಯುಲೇಟರನ್ನು ಮೂಗಿಗೆ ಹಿಡಿದು ಮೂಸಿದರು.

ಗ್ರೀಸು ಕುಡಿದ ಬಿಲ್ಲೆ ಉಬ್ಬಿ, ಗುಳ್ಳೆಗಟ್ಟಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಹೊರಗಿನ ನೀರನ್ನು ತಡೆಯುವುದೇ ಅದು.

"ಯಾರು ಹಚ್ಚಿದ್ದು?"

ಆ ಅಂಗಡಿಯಲ್ಲಿ ಕೈ ಹಾಕುವವನು ನಾನೊಬ್ಬನೇ. ಆದರೂ ನನ್ನ ಬಾಯಲ್ಲಿ ಬಂದದ್ದು, "ಗೊತ್ತಿಲ್ಲ ಭಾಯಿ."

ಭಾಯಿ ಸಾಮಾನು ಬಿಚ್ಚತೊಡಗಿದರು. ಏರಿಯ ಮೇಲೆ ಗದ್ದಲ ಎದ್ದಿತು.

"ಏ ಸಾಬ್ರೇ, ಒಂದು ನೆಟ್ಟಗಿದ್ಯಲ್ರೀ, ಅದ್ರಲ್ಲೇ ಇಳೀರಿ!"

"ಇವತ್ತಾಗಲ್ಲ."

"ಹೆದರ್ಕೊಂಡ್ಬಿಟ್ರು ಕಣ್ರೋ!"

"ಹೌದು, ಹೆದರ್ಕೊಂಡೆ" ಅಂದರು ಭಾಯಿ. "ಸಾಮಾನು ನಂದು. ಕೆಟ್ಟಿದೆ. ತಪ್ಪು ನಂದು. ನಾಳೆ ಬತ್ತೀನಿ."

ನನ್ನ ಕಡೆ ಒಂದು ಸಲವೂ ಬೆರಳು ಮಾಡಲಿಲ್ಲ. ಆ ಜನ ನನ್ನ ಗಿರಾಕಿಗಳು, ಅದು ಅವರಿಗೆ ಗೊತ್ತಿತ್ತು. ಬಸ್ಸಿನಲ್ಲಿ ಬೀರೂರು ದಾಟುವವರೆಗೆ ನಾನು ಕಿಟಕಿ ನೋಡಿದೆ. ಆಮೇಲೆ, "ನಾನೇ ಭಾಯಿ" ಅಂದೆ.

"ಗೊತ್ತಪ್ಪಾ. ನಿನ್ ಬಾಯಿಂದ ಬರ್ಲಿ ಅಂತ ಕೂತಿದ್ದೆ. ಬೀರೂರಾಗೋಯ್ತು."

"ಬೈದ್ಬಿಡಿ."

"ಹೆಂಗೆ ಬೈಯ್ಲಿ? ಕೆಲಸ ಮಾಡ್ದೆ ಕೆಡಿಸಿದ್ರೆ ಬೈಬೋದು. ನೀನು ಜಾಸ್ತಿ ಮಾಡಿ ಕೆಡಿಸಿದೀಯ. ಅದಕ್ಕೆ ಬೈಗುಳ ನಂಗೆ ಗೊತ್ತಿಲ್ಲ."

ಆ ಸಂಜೆ ಅವರು ತರೀಕೆರೆಗೆ ಹೋಗಲಿಲ್ಲ. ನನ್ನ ಅಂಗಡಿಯ ನೆಲದ ಮೇಲೆ ಚಾಪೆ ಹಾಸಿ ಎರಡೂ ಸೆಟ್ಟು ಬಿಚ್ಚಿ ಹರಡಿದರು. ಒಂದೊಂದೇ ಬಿಡಿಭಾಗ ನನ್ನ ಕೈಗಿಟ್ಟು, ಇದು ಏನು, ಇದಕ್ಕೆ ಏನು ಹಚ್ಚಬೇಕು, ಏನು ಹಚ್ಚಬಾರದು ಎಂದು ಹೇಳಿಸಿದರು. ತಪ್ಪಿದರೆ ಮೊದಲಿಂದ. ಕೆಟ್ಟ ಬಿಲ್ಲೆಗೆ ಅವರ ಪೆಟ್ಟಿಗೆಯಲ್ಲಿ ಬದಲಿ ಇತ್ತು. ಮರುದಿನ ಬೆಳಗ್ಗೆ ಹೋಗಿ ದಿಮ್ಮಿ ಬಿಡಿಸಿ ತೂಬು ಮುಚ್ಚಿದರು. ಎರಡನೇ ಸೆಟ್ಟಿನಲ್ಲೇ ಇಳಿದರು, ಬೇಕೆಂದೇ.

ಅದಾದ ಮೇಲೆ ನನಗೂ ಇಳಿಯುವುದು ಕಲಿಸಿದರು. ಸಖರಾಯಪಟ್ಟಣದ ಹತ್ತಿರ ಮೆಟ್ಟಿಲಿರುವ ಒಂದು ತೋಟದ ಬಾವಿ, ಬೆಳಗ್ಗೆ ಏಳು ಗಂಟೆ. ಕೊನೇ ಮೆಟ್ಟಿಲಿನ ಮೇಲೆ ನೀರಿನೊಳಗೆ ಕೂರಿಸುವುದು, ಅವರು ಎದುರು ಕೂತು ಬೆರಳು ತೋರಿಸುವುದು. ನಾನು ಎಷ್ಟು ಬೆರಳೆಂದು ತಿರುಗಿ ತೋರಿಸಬೇಕು. ಗಾಬರಿಯಾದವನಿಗೆ ಎಣಿಸಲು ಬರುವುದಿಲ್ಲವಂತೆ. ಮೊದಲ ದಿನ ಅವರು ಮೂರು ತೋರಿಸಿದರೆ ನಾನು ಎರಡೂ ಕೈಯೆತ್ತಿ ಹತ್ತು ತೋರಿಸಿ ಮೇಲೆ ಬಂದೆ. "ನೀನು ಒಂಬತ್ತನೇ ಕ್ಲಾಸಿಗೆ ಬಿಟ್ಟಿದ್ದು ಒಳ್ಳೇದಾಯ್ತು ಬಿಡೋ. ಹತ್ತಕ್ಕೆ ಹೋಗಿದ್ರೆ ಲೆಕ್ಕದ ಮೇಷ್ಟ್ರು ಬಾವಿಗೆ ಬೀಳ್ತಿದ್ರು" ಅಂದರು. ಶಾಲೆ ಬಿಟ್ಟ ವಿಷಯಕ್ಕೆ ಬೇರೆ ಯಾರಾದರೂ ನಕ್ಕಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಅವರಿಗೆ ಕೆಟ್ಟ ಹೆಸರು ಬಂದದ್ದು ಒಂದೇ ಒಂದು ಸಲ, ಅದೂ ಇದೇ ಎರಡನೇ ಸೆಟ್ಟಿನಿಂದ. ಚೌಳಹಿರಿಯೂರಿನ ಆಚೆ ಒಂದು ಕೆರೆಯಲ್ಲಿ ಎಮ್ಮೆ ತೊಳೆಯಲು ಹೋದವನು ಮುಳುಗಿದ್ದ. ಹಿಂದಿನ ದಿನ ಮುಳುಗಿದ್ದು, ಬದುಕಿರುವ ಮಾತಿಲ್ಲ. ಸತ್ತವನ ಅಣ್ಣ ಒಳ್ಳೇ ಈಜುಗಾರ. ನಾನೂ ಜೊತೆಗೆ ಇಳಿಯುತ್ತೇನೆ, ಆ ಇನ್ನೊಂದು ಕೊಡಿ ಎಂದು ಹಟ ಹಿಡಿದ.

"ಕೊಡಲ್ಲ ಅಣ್ಣ."

"ಸುಮ್ನೆ ಬಿದ್ದಿದ್ಯಲ್ರೀ ಅದು ದಡದಲ್ಲಿ! ಇಬ್ರು ಹುಡುಕಿದ್ರೆ ಬೇಗ ಸಿಗ್ತಾನೆ. ನನ್ ತಮ್ಮ ಕಣ್ರೀ ಒಳಗಿರೋದು!"

"ನಂಗೊತ್ತು. ಅದು ಇನ್ನೊಂದಲ್ಲ ಅಣ್ಣ. ಇದ್ರದ್ದೇ ಅರ್ಧ."

ಆತ ಭಾಯಿಯ ಕೊರಳಪಟ್ಟಿಗೆ ಕೈ ಹಾಕಿದ. ಪೊಲೀಸಿನವರು ಬಿಡಿಸಿದರು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಭಾಯಿ ಹೆಣ ತಂದರು. ಮನೆಯವರು ಎತ್ತಿಕೊಂಡರು, ಹೋದರು. ನಡುಗುತ್ತ ನಿಂತ ಮನುಷ್ಯನಿಗೆ ಒಂದು ಲೋಟ ಟೀ ಕೊಡುವವರಿರಲಿಲ್ಲ. ಅವರ ಅಂಗಿ ನನ್ನ ಹೆಗಲ ಮೇಲಿತ್ತು, ಅದರಲ್ಲೇ ಮೈ ಒರೆಸಿದೆ.

"ಕೊಟ್ಟುಬಿಡಬೋದಿತ್ತಲ್ಲ ಭಾಯಿ" ಅಂದೆ.

"ಒಳಗಿರೋನು ಕಾಯ್ತಾನೆ ಕಣೋ, ಅವನಿಗೆ ಅವಸರ ಇಲ್ಲ. ಇಳಿಯೋಕೆ ಬರದೋನು ಇಳಿದ್ರೆ ಸಾಯಂಕಾಲ ನಾನು ಇಬ್ರನ್ನ ಹುಡುಕ್ಬೇಕು. ಅದ್ರಲ್ಲೂ ಒಂದೇ ಸೆಟ್ಟಲ್ಲಿ."

ಆರು ವರ್ಷದ ಹಿಂದೆ ಅವರಿಗೆ ಅರವತ್ತು ದಾಟಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ದಿನ ಆಟೋದಲ್ಲಿ ಬಂದರು, ಅದೇ ರೀತಿ, ಸೆಟ್ಟುಗಳು ಸೀಟಿನಲ್ಲಿ, ಅವರು ಡ್ರೈವರಿನ ಪಕ್ಕ. ಇಳಿಸಿ ನನ್ನ ಮೇಜಿನ ಮೇಲೆ ಇಟ್ಟರು.

"ತಗೋ ಕಡೂರು. ಬೇರೆ ಮಾಡ್ಬೇಡ. ಮಲಗಿಸ್ಬೇಡ. ಇನ್ನೇನಿಲ್ಲ."

ಟೀ ಕುಡಿದು ಹೋದರು. ಆಮೇಲೆ ಕಡೂರು, ತರೀಕೆರೆ, ಅಜ್ಜಂಪುರ ಮೂರಕ್ಕೂ ಇಳಿಯುವವನು ನಾನೊಬ್ಬನೇ ಆದೆ. ಪೊಲೀಸರ ಫೋನಿನಲ್ಲಿ ನನ್ನ ನಂಬರಿದೆ, ನೀರು ಸರಬರಾಜಿನವರ ಹತ್ತಿರ ಇದೆ. ಒಂಬತ್ತು ಕ್ಲಾಸು ಓದಿದವನನ್ನು ಇಂಜಿನಿಯರುಗಳು ಜೀಪು ಕಳಿಸಿ ಕರೆಸಿಕೊಳ್ಳುತ್ತಾರೆ. ಇದು ಸಣ್ಣ ಮಾತೇ?

ಅಜ್ಜಂಪುರದಿಂದ ಬಂದವನು ಹೋಮ್‌ಗಾರ್ಡು, ಮೂವತ್ತೆರಡರ ವಯಸ್ಸು. ಅವನೂ ಅವನ ಭಾವಮೈದುನನೂ ಕರಾವಳಿಗೆ ಹೋಗಿ ಡೈವಿಂಗ್ ಕಲಿತು ಸರ್ಟಿಫಿಕೇಟು ತಂದಿದ್ದರು. ಸಾಮಾನು ಇಲ್ಲ. ಮೊದಲು ಭಾಯಿ ತೀರಿಹೋದದ್ದಕ್ಕೆ ಎರಡು ಮಾತಾಡಿದ. ಆಮೇಲೆ ಅಟ್ಟಣಿಗೆ ನೋಡಿದ.

"ಅಣ್ಣಾ, ಹೋದ ಮಳೆಗಾಲ ನಮ್ಮೂರ ಚೆಕ್‌ಡ್ಯಾಮಿಗೆ ಒಬ್ರು ಬಿದ್ದಿದ್ರಲ್ಲ. ಬೆಳಗ್ಗೆ ಏಳಕ್ಕೆ ನಿಮಗೆ ಫೋನ್ ಮಾಡಿದ್ವಿ. ನೀವು ಬಂದಿದ್ದು ಎರಡಕ್ಕೆ."

"ಸಖರಾಯಪಟ್ಟಣದಲ್ಲಿ ಬಾವೀಲಿದ್ದೆ ಕಣಪ್ಪಾ."

"ತಪ್ಪು ಅಂತಿಲ್ಲಣ್ಣ. ಅವ್ರ ಹೆಂಡ್ತಿ ಆ ಮಳೇಲಿ ಏಳು ಗಂಟೆ ಕೂತಿದ್ರು. ಒಂದು ಸೆಟ್ಟು ನಮ್ಗೆ ಕೊಡಿ. ಒಂದು ನಿಮ್ಗಿರ್ಲಿ. ಎರಡು ಕಡೆ ಆಗುತ್ತೆ."

"ಎರಡನ್ನ ಬೇರೆ ಮಾಡಲ್ಲ. ಭಾಯಿ ಮಾತು."

"ಅವ್ರು ಹೋದ್ರಲ್ಲಣ್ಣ."

"ಮಾತು ಹೋಗಿಲ್ಲ."

ಅವನು ಎದ್ದ. ಬಾಗಿಲಲ್ಲಿ ನಿಂತು, "ಆಯ್ತು ಬಿಡಿ, ಶೋಕೇಸಿಗೆ ಚೆನ್ನಾಗಿ ಕಾಣುತ್ತೆ" ಅಂದ.

ಈ ಮಾತು ಚುಚ್ಚಿತು. ಅವನು ಹೋದ ಮೇಲೆ, ಅದು ಸುಳ್ಳೆಂದು ನನಗೆ ನಾನೇ ತೋರಿಸಿಕೊಳ್ಳಲು, ಅಟ್ಟಣಿಗೆಯಿಂದ ಎರಡನೇ ಸೆಟ್ಟು ಇಳಿಸಿದೆ. ಗ್ರೀಸು ಹಚ್ಚಿರಲಿಲ್ಲ. ಧೂಳಿರಲಿಲ್ಲ, ವಾರ ವಾರ ಒರೆಸುತ್ತಿದ್ದೆ. ಆದರೆ ಆರು ವರ್ಷದಲ್ಲಿ ಅದನ್ನು ಒಂದು ಸಲವೂ ನಾನು ಬಾಯಿಗೆ ಇಟ್ಟಿರಲಿಲ್ಲ. ಭಾಯಿ ಕೊನೆಯ ಸಲ ಇಳಿದದ್ದು ಅದರಲ್ಲಿ. ಬಾಯಿಗೆ ಕಚ್ಚುವ ರಬ್ಬರಿನಲ್ಲಿ ಅವರ ಹಲ್ಲಿನ ಗುರುತಿತ್ತು. ಮುಂದಿನ ಹಲ್ಲೊಂದು ಅರ್ಧ ಮುರಿದಿದ್ದರಿಂದ ಅಲ್ಲೊಂದು ಸಂದು, ಅದೂ ಅಚ್ಚಾಗಿ ಉಳಿದಿತ್ತು. ಅದರ ಮೇಲೆ ನನ್ನ ಹಲ್ಲು ಊರಲು ಮನಸ್ಸಾಗಿರಲಿಲ್ಲ. ಎಲ್ಲ ಕಡೆ ಹೊತ್ತುಕೊಂಡು ಹೋಗುತ್ತಿದ್ದೆ, ದಡದಲ್ಲಿ ಇಡುತ್ತಿದ್ದೆ, ವಾಪಸು ತರುತ್ತಿದ್ದೆ. ಎರಡನೆಯದಕ್ಕೆ ಹತ್ತು ಉಸಿರು ಕೊಡುವುದನ್ನು ಯಾವಾಗ ಬಿಟ್ಟೆನೋ ನನಗೇ ನೆನಪಿಲ್ಲ.

ಕೊಳವೆಯನ್ನು ಬಗ್ಗಿಸಿ ನೋಡಿದೆ. ಬಾಗಿದ ಕಡೆ ಸಣ್ಣ ಸಣ್ಣ ಬಿರುಕು. ಬಾಯಿಯ ರಬ್ಬರು ಕಲ್ಲಾಗಿತ್ತು, ಬೆರಳಲ್ಲಿ ಒತ್ತಿದರೆ ಅಂಚು ಮುರಿದು ಬಂತು. ಅಂದರೆ ಆರು ವರ್ಷದಿಂದ ನಾನು ಇಳಿಯುತ್ತಿದ್ದದ್ದು ಒಂದೇ ಸೆಟ್ಟಿನಲ್ಲಿ.

ಮಾರನೆಯ ದಿನ ತರೀಕೆರೆಗೆ ಹೋಗಿ ಭಾಬಿಯನ್ನು ಕೇಳಿದೆ, ಏನು ಮಾಡಲಿ ಎಂದು.

"ನನ್ನ ಕೇಳ್ಬೇಡಿ ಕಡೂರು. ಅವು ಈ ಮನೇಲಿದ್ದಾಗ ನಂಗೆ ಬಚ್ಚಲು ಸಿಕ್ತಿರ್ಲಿಲ್ಲ. ಕೆಲಸ ಬರ್ದಿರೋ ವಾರ, ದೊಡ್ಡ ಟಬ್ಬಿಗೆ ನೀರು ತುಂಬಿ ಅದ್ರೊಳಗೆ ಮುಖ ಇಟ್ಕೊಂಡು ಬುಡುಬುಡು ಅಂತ ಗುಳ್ಳೆ ಬಿಡ್ತಾ ಕೂತಿರೋರು. ಒಂದಾಯ್ತು ಅಂದ್ರೆ ಇನ್ನೊಂದು. ಅಳಿಯ ಬಂದಾಗ್ಲೂ ಅದೇ. ವಯಸ್ಸಾದ ಮೇಲೆ ಇದೇನು ನೀರಾಟ ಅಂತ ಬೈತಿದ್ದೆ."

"ಏನಂತಿದ್ರು?"

"ಇವಕ್ಕೆ ಉಸಿರು ಕೊಡ್ತಿದೀನಿ ಕಣೇ, ಆಮೇಲೆ ನಂಗೆ ಕೊಡ್ತವೆ ಅನ್ನೋರು."

ಭಾಬಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಟೀ ಇಡಲು ಒಳಗೆ ಹೋದರು. ನಾನು ಲೆಕ್ಕ ಹಾಕಿದೆ. ಹೋದ ವರ್ಷ ನಾನು ಇಳಿದದ್ದು ಏಳು ಸಲ. ನನಗೆ ಅಂಗಡಿ ಇದೆ, ಪಂಪುಗಳಿವೆ. ವಾರಕ್ಕೊಮ್ಮೆ ಟಬ್ಬಿನಲ್ಲಿ ಮುಖ ಇಟ್ಟು ಕೂರುವ ಮನುಷ್ಯ ನಾನಲ್ಲ. ಆಗಿದ್ದರೆ ಆರು ವರ್ಷದಲ್ಲಿ ಆಗುತ್ತಿದ್ದೆ. ಬೇರೆ ಮಾಡಬೇಡ ಎಂಬ ಮಾತನ್ನು ಹಿಡಿದುಕೊಂಡಿದ್ದೆ, ಯಾಕೆಂದರೆ ಅದರಿಂದ ಮೂರು ಊರಿಗೆ ನಾನೊಬ್ಬನೇ ಆಗಿರಬಹುದಿತ್ತು. ಮಲಗಿಸಬೇಡ ಎಂಬ ಇನ್ನೊಂದು ಮಾತನ್ನು ಅಟ್ಟಣಿಗೆಗೆ ಹಾಕಿದ್ದೆ.

ಅಲ್ಲಿಂದಲೇ ಹೋಮ್‌ಗಾರ್ಡಿಗೆ ಫೋನು ಮಾಡಿದೆ.

"ಬಂದು ತಗೊಂಡು ಹೋಗಪ್ಪಾ."

"ಒಂದು ಕೊಡ್ತೀರೇನಣ್ಣ?"

"ಒಂದು ಕೊಡಲ್ಲ. ಎರಡೂ ಕೊಡ್ತೀನಿ."

"ಮೊನ್ನೆ ಕೊಡಲ್ಲ ಅಂದ್ರಿ!"

"ಮೊನ್ನೆ ನೀನು ಒಂದು ಕೇಳಿದ್ದೆ."

ಕೊಟ್ಟದ್ದು ಸುಮ್ಮನೆ ಅಲ್ಲ. ಮಂಗಳೂರಿನಿಂದ ಹೊಸ ಕೊಳವೆ, ಬಾಯಿಯ ರಬ್ಬರು, ಬಿಲ್ಲೆಗಳನ್ನು ತರಿಸಿದೆ. ಅವನನ್ನೂ ಅವನ ಭಾವಮೈದುನನನ್ನೂ ನಾಲ್ಕು ಭಾನುವಾರ ಚಾಪೆಯ ಮೇಲೆ ಕೂರಿಸಿ, ಒಂದೊಂದು ಭಾಗವನ್ನೂ ಹೇಳಿಸಿದೆ. ತಪ್ಪಿದರೆ ಮೊದಲಿಂದ. "ಸರ್ಟಿಫಿಕೇಟ್ ಇದೆ ಅಣ್ಣ ನಮ್ ಹತ್ರ" ಅಂದ ಒಂದು ಸಲ. "ನನ್ ಹತ್ರ ಇಲ್ಲ, ಹೇಳು" ಅಂದೆ. ಒಬ್ಬ ಇಳಿದರೆ ಇನ್ನೊಬ್ಬ ಹಗ್ಗ ಹಿಡಿಯಬೇಕು, ಇಬ್ಬರೂ ಒಟ್ಟಿಗೆ ಇಳಿಯಕೂಡದು, ವಾರ ವಾರ ಸೆಟ್ಟು ಬದಲಾಗಬೇಕು. ಎಲ್ಲಕ್ಕೂ ಒಪ್ಪಿದ. ಭಾಯಿಯ ಹಲ್ಲಿನ ಗುರುತಿದ್ದ ರಬ್ಬರನ್ನು ನಾನೇ ಕತ್ತರಿಸಿ ತೆಗೆದು, ಬಿರುಕು ಬಿಟ್ಟ ಕೊಳವೆಯ ಜೊತೆ ಗುಜರಿ ಡಬ್ಬಿಗೆ ಹಾಕಿದೆ. ಹೊಸದು ಕೂರಿಸಿದೆ.

ಮೊನ್ನೆ ಅಜ್ಜಂಪುರದ ಕಡೆ ಒಂದು ಬಾವಿಗೆ ಅವರೇ ಇಳಿದು ಪಂಪು ತೆಗೆದರಂತೆ. ನನಗೆ ಸುದ್ದಿ ಮರುದಿನ ಬಂತು, ರಿಪೇರಿಗೆ ಆ ಪಂಪು ಬಂದಾಗ. ಪೊಲೀಸಿನವರು ಫೋನು ಮಾಡಿದರೆ ಅವರ ನಂಬರು ಕೊಡುತ್ತೇನೆ. ಕೊಡುವಾಗ ಪ್ರತಿ ಸಲವೂ ಒಂಚೂರು ಹೊಟ್ಟೆ ಉರಿಯುತ್ತದೆ. ಸುಳ್ಳು ಹೇಳುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಕಡೂರಿನಲ್ಲಿ ಒಂದು ಅಂಗಡಿ, ಒಂದು ವೈಂಡಿಂಗ್ ಮೆಷಿನ್ನು, ಪಂಪು ಎತ್ತುವ ಎರಡು ಚೈನ್ ಬ್ಲಾಕು, ಮೂವರು ಕೆಲಸಗಾರರು, ರಿಪೇರಿಗೆ ಬಂದು ಕೂತ ಹದಿನಾಲ್ಕು ಪಂಪು. ಸ್ಕೂಬಾ ಸೆಟ್ಟು ಒಂದೂ ಇಲ್ಲ.